ಉಬುಂಟು ಹಾಕೋಕೆ ಕೂರುವ ಮೊದಲು ಆ 48 ಅಂಕಿ ನಿಮ್ಮ ಹತ್ತಿರ ಇದೆಯಾ ನೋಡಿ

ಮನೆ ಕಂಪ್ಯೂಟರ್‌ನಲ್ಲಿ ವಿಂಡೋಸ್ ಜೊತೆ ಉಬುಂಟು (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಹಾಕಬೇಕು ಅಂತಿದ್ದೀರಾ? ದಯವಿಟ್ಟು ಮೊದಲು ಇದನ್ನು ಓದಿ. ಆ 48 ಅಂಕಿ ಅಂದರೆ ವಿಂಡೋಸ್ ಡಿಸ್ಕ್‌ಗೆ ಬಿದ್ದ ಬೀಗ ತೆಗೆಯುವ ರಿಕವರಿ ಕೀ. ಒಂದು ಶನಿವಾರ ರಾತ್ರಿ ನಾನು ಮಾಡಿದ ಕೆಲಸಕ್ಕೆ ನನ್ನ ಹೆಂಡತಿ ಮೂರು ವಾರ ನಿದ್ದೆಗೆಟ್ಟಳು.

ನಮ್ಮ ಮನೆ ವಿಜಯನಗರದಲ್ಲಿ. ಹೆಂಡತಿ ಮನೆಯಲ್ಲೇ ಡಿಟಿಪಿ ಮಾಡುತ್ತಾಳೆ. ಲಗ್ನಪತ್ರಿಕೆ, ಕರಪತ್ರ, ಸಣ್ಣಪುಟ್ಟ ಪುಸ್ತಕ. ನುಡಿ, ಪೇಜ್‌ಮೇಕರ್ ಎಲ್ಲ ವಿಂಡೋಸ್‌ನಲ್ಲೇ. ಮಗಳು ಎಂಜಿನಿಯರಿಂಗ್ ಸೇರಿದಳು, ಕಾಲೇಜಿನ ಲ್ಯಾಬ್‌ನಲ್ಲಿ ಉಬುಂಟು ಇದೆ, ಮನೆಯಲ್ಲೂ ಬೇಕು ಅಂದಳು. ಅದಕ್ಕೆ ಇನ್ನೊಂದು ಕಂಪ್ಯೂಟರ್ ಯಾಕೆ, ಇದರಲ್ಲೇ ಎರಡೂ ಇರಲಿ ಅಂತ ನಾನೇ ಹೊರಟೆ.

ಪೆನ್‌ಡ್ರೈವ್ ರೆಡಿ ಮಾಡಿದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವ್ ಕುಗ್ಗಿಸಿ 120 ಜಿಬಿ ಜಾಗ ಬಿಡಿಸಿದೆ. ನಾನು ನೋಡಿದ ವಿಡಿಯೋದಲ್ಲಿ ಬಯಾಸ್‌ಗೆ (ವಿಂಡೋಸ್‌ಗಿಂತ ಮೊದಲು ತೆರೆಯುವ ಕಂಪ್ಯೂಟರ್‌ನ ಸೆಟ್ಟಿಂಗ್ಸ್) ಹೋಗಿ ಸೆಕ್ಯೂರ್ ಬೂಟ್ (ನಂಬಿಕೆಯ ಸಾಫ್ಟ್‌ವೇರ್ ಮಾತ್ರ ಶುರುವಾಗಲು ಬಿಡುವ ಕಾವಲು) ಆಫ್ ಮಾಡಿ ಅಂದಿದ್ದರು, ಮಾಡಿದೆ. ಉಬುಂಟು ಇನ್‌ಸ್ಟಾಲರ್ ಅರ್ಧದಲ್ಲಿ ನಿಂತಿತು. ಈ ಕಂಪ್ಯೂಟರ್‌ನಲ್ಲಿ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ವ್ಯವಸ್ಥೆ) ಇದೆ, ವಿಂಡೋಸ್‌ಗೆ ಹೋಗಿ ಅದನ್ನು ಆಫ್ ಮಾಡಿ ಬನ್ನಿ ಅಂತ. ಬಿಟ್‌ಲಾಕರ್ ನಾನು ಆನ್ ಮಾಡಿಯೇ ಇರಲಿಲ್ಲ. ಸರಿ, ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ಬರಲೇ ಇಲ್ಲ. ನೀಲಿ ಪರದೆ, ಅದರಲ್ಲಿ 48 ಅಂಕಿಯ ರಿಕವರಿ ಕೀ ಕೊಡಿ ಅನ್ನುವ ಒಂದು ಉದ್ದನೆಯ ಖಾಲಿ ಪಟ್ಟಿ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ತಪ್ಪಾಗಿದ್ದು ಇಲ್ಲೇ. 2024ರ ಕೊನೆಗೆ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ, ಹೊಸದಾಗಿ ಇನ್‌ಸ್ಟಾಲ್ ಮಾಡಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆದರೆ, ಡಿವೈಸ್ ಎನ್‌ಕ್ರಿಪ್ಶನ್ ಅನ್ನುವ ಹೆಸರಿನಲ್ಲಿ ಬಿಟ್‌ಲಾಕರ್ ತಾನಾಗಿಯೇ ಆನ್ ಆಗುತ್ತದೆ. ಅಂದರೆ ಡಿಸ್ಕ್‌ಗೆ ಬೀಗ ಬಿದ್ದಿರುತ್ತದೆ. ದಿನವೂ ಆ ಬೀಗ ತೆಗೆಯುವ ಕೀ ಟಿಪಿಎಂ ಅನ್ನುವ ಚಿಪ್‌ನಲ್ಲಿರುತ್ತದೆ, ಹಾಗಾಗಿ ನಮಗೆ ಗೊತ್ತೇ ಆಗುವುದಿಲ್ಲ. ಕಂಪ್ಯೂಟರ್ ಶುರುವಾಗುವ ರೀತಿ ಮೊದಲಿನ ಹಾಗೇ ಇದ್ದರೆ ಮಾತ್ರ ಆ ಚಿಪ್ ಕೀ ಕೊಡುತ್ತದೆ. ಸೆಕ್ಯೂರ್ ಬೂಟ್ ಆಫ್ ಮಾಡಿದ್ದರಿಂದ ಅದಕ್ಕೆ ಅನುಮಾನ ಬಂತು, ಕೊಡಲಿಲ್ಲ. ಆಗ ಸುಮ್ನೆ ಬಯಾಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಮತ್ತೆ ಆನ್ ಮಾಡಿದ್ದರೆ ಬಹುತೇಕ ಎಲ್ಲ ಸರಿಹೋಗುತ್ತಿತ್ತು. ಅಷ್ಟಕ್ಕೂ ಉಬುಂಟು ಸೆಕ್ಯೂರ್ ಬೂಟ್ ಆನ್ ಇದ್ದರೂ ಶುರುವಾಗುತ್ತದೆ, ಆಫ್ ಮಾಡುವ ಅಗತ್ಯವೇ ಇರಲಿಲ್ಲ.

ನಾನು ಮಾಡಿದ್ದು ಬೇರೆ. ರಾತ್ರಿ ಒಂದು ಗಂಟೆ, ಕೈ ನಡುಗುತ್ತಿತ್ತು, ಎಲ್ಲೋ ಯಾರೋ ಟಿಪಿಎಂ ಕ್ಲಿಯರ್ ಮಾಡಿದರೆ ಆಗುತ್ತದೆ ಅಂತ ಬರೆದಿದ್ದನ್ನು ಓದಿ ಹಾಗೇ ಮಾಡಿಬಿಟ್ಟೆ. ಚಿಪ್‌ನಲ್ಲಿದ್ದ ಕೀ ಅಳಿಸಿಹೋಯಿತು. ಇನ್ನು ಉಳಿದ ದಾರಿ ಆ 48 ಅಂಕಿ ಮಾತ್ರ.

ಆ ಅಂಕಿಗಳು ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತವೆ. ನನ್ನ ಖಾತೆಯಲ್ಲಿ ಹುಡುಕಿದೆ, ಇಲ್ಲ. ಹೆಂಡತಿಯದರಲ್ಲೂ ಇಲ್ಲ. ಬೆಳಗ್ಗೆ ಹೊತ್ತಿಗೆ ತಲೆಗೆ ಹೊಳೆಯಿತು. ಎಸ್.ಪಿ. ರೋಡ್‌ನಲ್ಲಿ ಅಸೆಂಬಲ್ ಮಾಡಿಸಿದಾಗ ವಿಂಡೋಸ್ ಹಾಕಿಕೊಟ್ಟವನು ಅಂಗಡಿಯ ಹುಡುಗ. ಯಾವುದೋ ಮೇಲ್ ಐಡಿ ಹಾಕಿ ಶುರು ಮಾಡಿ, ಆಮೇಲೆ ನಮ್ಮ ಹೆಸರಿನಲ್ಲಿ ಬೇರೆ ಯೂಸರ್ ಮಾಡಿಕೊಟ್ಟಿದ್ದ. ಕೀ ಹೋಗಿ ಕೂತಿದ್ದು ಆ ಮೊದಲ ಖಾತೆಯಲ್ಲಿ. ಅಂಗಡಿಗೆ ಹೋದರೆ ಮಾಲೀಕರು, "ಸಾರ್, ಆ ಹುಡುಗ ಕೆಲಸ ಬಿಟ್ಟು ಮೂರು ತಿಂಗಳಾಯ್ತು. ಯಾವ ಐಡಿ ಹಾಕಿದ್ನೋ ನಮಗೂ ಗೊತ್ತಿಲ್ಲ" ಅಂದರು.

ಅಲ್ಲೇ ಸುತ್ತಮುತ್ತ ಡೇಟಾ ರಿಕವರಿ ಅಂತ ಬೋರ್ಡ್ ಹಾಕಿಕೊಂಡ ನಾಲ್ಕು ಅಂಗಡಿ ಹತ್ತಿದೆ. ಮೂವರು ಕೀ ಇಲ್ಲದೆ ಆಗಲ್ಲ ಅಂತ ನೇರವಾಗಿ ಹೇಳಿದರು. ಒಬ್ಬ ಮಾತ್ರ ತೆಗೆದುಕೊಡುತ್ತೇನೆ, 5,000 ಮುಂಗಡ ಕೊಡಿ ಅಂದ. ಕೊಡಬೇಡಿ. ಇದು ಡಿಸ್ಕ್ ಕೆಟ್ಟಿರುವುದಲ್ಲ, ಎನ್‌ಕ್ರಿಪ್ಟ್ ಆಗಿರುವುದು. ಕೀ ಇಲ್ಲದೆ ಯಾರಿಂದಲೂ ತೆಗೆಯಲು ಆಗುವುದಿಲ್ಲ.

ಹೋಗಿದ್ದು ಏನು ಅಂದರೆ, ಒಬ್ಬ ಹಿರಿಯರು ತಮ್ಮ ಮನೆತನದ ವಂಶಾವಳಿ ಪುಸ್ತಕ ಮಾಡಿಸುತ್ತಿದ್ದರು, 212 ಪುಟ. ಚಾಮರಾಜಪೇಟೆಯ ಪ್ರೆಸ್‌ಗೆ ಮೊದಲ 96 ಪುಟದ ಪ್ರೂಫ್ ಹೋಗಿತ್ತು, ಅದರ ಪಿಡಿಎಫ್ ಮೇಲ್‌ನಲ್ಲಿ ಸಿಕ್ಕಿತು. ಉಳಿದದ್ದನ್ನು ಅವಳು ಅವರ ಕೈಬರಹದ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಮತ್ತೆ ಟೈಪ್ ಮಾಡಿದಳು. ಒಂದೊಂದು ಕವಲಿನ ಗೆರೆಯನ್ನೂ ಮತ್ತೆ ಎಳೆಯಬೇಕಾಯಿತು. ಬೈಯಲಿಲ್ಲ. ಅದೇ ನನಗೆ ಜಾಸ್ತಿ ನೋವಾಗಿದ್ದು.

ಈಗ ಉಬುಂಟುಗೆ ಬೇರೆಯದೇ 256 ಜಿಬಿ ಎಸ್‌ಎಸ್‌ಡಿ ಡಿಸ್ಕ್ ತಂದಿದ್ದೇನೆ. ವಿಂಡೋಸ್ ಇರುವ ಡಿಸ್ಕ್ ಬಿಚ್ಚಿಟ್ಟು ಇದರಲ್ಲಿ ಇನ್‌ಸ್ಟಾಲ್ ಮಾಡಿ, ಆಮೇಲೆ ಅದನ್ನು ವಾಪಸ್ ಹಾಕಿದೆ. ಮಗಳು ಆನ್ ಮಾಡುವಾಗ ಎಫ್11 ಒತ್ತಿ ಬೇಕಾದ್ದನ್ನು ಆರಿಸಿಕೊಳ್ಳುತ್ತಾಳೆ. ಒಂದರ ತಂಟೆಗೆ ಇನ್ನೊಂದು ಹೋಗಲ್ಲ. ವಿಂಡೋಸ್‌ನಲ್ಲಿ ಗಡಿಯಾರ ಐದೂವರೆ ಗಂಟೆ ಹಿಂದೆ ತೋರಿಸುತ್ತಿತ್ತು, ಅದು ದೊಡ್ಡ ವಿಷಯವಲ್ಲ, ಉಬುಂಟುವಿನಲ್ಲಿ ಒಂದು ಕಮಾಂಡ್ ಕೊಟ್ಟರೆ ಸರಿಹೋಗುತ್ತದೆ.

ಒಂದೇ ಡಿಸ್ಕ್‌ನಲ್ಲಿ ಎರಡನ್ನೂ ಹಾಕಲೇಬೇಕು ಅನ್ನುವವರು, ವಿಂಡೋಸ್ ಸರಿಯಾಗಿ ತೆರೆಯುತ್ತಿರುವಾಗಲೇ ಸೆಟ್ಟಿಂಗ್ಸ್‌ನ ಪ್ರೈವಸಿ ಆಂಡ್ ಸೆಕ್ಯುರಿಟಿಯಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ನೋಡಿ. ಆನ್ ಇದ್ದರೆ ಅಲ್ಲೇ ಆಫ್ ಮಾಡಬಹುದು, ಅದಕ್ಕೆ ಆ 48 ಅಂಕಿ ಬೇಕಾಗಿಲ್ಲ. ಬೀಗ ಪೂರ್ತಿ ಬಿಚ್ಚಲು ಹೊತ್ತು ಹಿಡಿಯುತ್ತದೆ, ಮುಗಿಯುವವರೆಗೆ ಕಾಯಿರಿ. ಫೈಲುಗಳನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ, ಆ ಡಿಸ್ಕ್ ಕಳಚಿಟ್ಟ ಮೇಲೆ ಬಯಾಸ್ ಕಡೆ ಹೋಗಿ.