ಕುಲ್ಲು ದಸರೆಯೋ, ಮಂಡಿ ಶಿವರಾತ್ರಿಯೋ?

ಹಿಮಾಚಲದ ದೇವರ ಜಾತ್ರೆ ನೋಡಬೇಕೆನ್ನುವವರು ಹೆಚ್ಚಾಗಿ ಕುಲ್ಲು ದಸರೆಗೇ ಟಿಕೆಟ್ ತೆಗೆಸುತ್ತಾರೆ. ಹೆಸರು ದೊಡ್ಡದು, ರಜೆಯೂ ಕೂಡಿಬರುತ್ತದೆ. ಆದರೆ ಕೈಯಲ್ಲಿ ಮೂರೇ ದಿನ ಇದ್ದರೆ ಮಂಡಿಯ ಶಿವರಾತ್ರಿಯೇ ವಾಸಿ. ಐದಾರು ದಿನ ಒಂದೇ ಮೈದಾನದಲ್ಲಿ ಕೂತಿರುವ ತಾಳ್ಮೆ ಇದ್ದವರಿಗೆ ಕುಲ್ಲು. ಎರಡನ್ನೂ ಮೊದಲಿನಿಂದ ಕೊನೆಯವರೆಗೆ ನೋಡಿದ ಮೇಲೆ ಹೇಳುವ ಮಾತಿದು.

ಎರಡೂ ಏಳೇಳು ದಿನದ ಜಾತ್ರೆಗಳು. ಎರಡಕ್ಕೂ ಸುತ್ತಲ ಕಣಿವೆಗಳಿಂದ ಇನ್ನೂರಕ್ಕೂ ಹೆಚ್ಚು ಗ್ರಾಮದೇವತೆಗಳು ಹೆಗಲೇರಿ ಬರುತ್ತವೆ. ಅಲ್ಲಿ ದೇವರ 'ರಥ್' ಅಂದರೆ ಗಾಲಿಯ ತೇರಲ್ಲ, ನಮ್ಮ ಮಲೆನಾಡಿನ ಅಡ್ಡೆಯ ಹಾಗೆ ಗಳುವಿನ ಮೇಲೆ ಕೂರಿಸಿದ ಪೀಠ. ಅದಕ್ಕೆ ಬಣ್ಣದ ರೇಷ್ಮೆ ಸುತ್ತಿ, ಎದುರಿಗೆ ಬೆಳ್ಳಿ ಬಂಗಾರದ ಮುಖಗಳನ್ನು ಸಾಲಾಗಿ ಕಟ್ಟಿರುತ್ತಾರೆ, ಅವು ಮೊಹ್ರಾ. ದೇವರ ಲೆಕ್ಕಾಚಾರ, ವ್ಯವಹಾರ ನೋಡುವವನು ಕಾರ್‌ದಾರ್. ಮೈಮೇಲೆ ದೇವರು ಬರುವವನು ಗೂರ್, ಅಂದರೆ ನಮ್ಮ ಪಾತ್ರಿ. ವಾದ್ಯದವರನ್ನು ಬಜಂತ್ರಿ ಅನ್ನುತ್ತಾರೆ, ಆ ಮಾತು ನಮಗೂ ಹೊಸದಲ್ಲ. ಈ ಐದು ಹೆಸರು ಗೊತ್ತಿದ್ದರೆ ಯಾವ ಬಿಡಾರದ ಮುಂದೆ ನಿಂತರೂ ಮಾತು ಶುರುವಾಗುತ್ತದೆ.

ಕುಲ್ಲುವಿನದು ವಿಜಯದಶಮಿಯ ದಿನ ಶುರು. ಬೇರೆ ಕಡೆ ದಸರೆ ಮುಗಿದಾಗ ಇಲ್ಲಿ ಬಾಗಿಲು ತೆರೆಯುತ್ತದೆ. ನಮ್ಮ ಕ್ಯಾಲೆಂಡರ್ ನೋಡಿಕೊಂಡು ವಿಮಾನ ಬುಕ್ ಮಾಡಬೇಡಿ. ಪಂಚಾಂಗದ ಲೆಕ್ಕದಲ್ಲಿ ಕರ್ನಾಟಕಕ್ಕೂ ಉತ್ತರಕ್ಕೂ ಕೆಲವು ವರ್ಷ ಒಂದು ದಿನದ ವ್ಯತ್ಯಾಸ ಬೀಳುತ್ತದೆ, ಆ ಒಂದು ದಿನದಲ್ಲಿ ತೇರು ತಪ್ಪಿಹೋಗುತ್ತದೆ. ಹಿಮಾಚಲ ಸರ್ಕಾರದ ರಜಾಪಟ್ಟಿಯ ದಿನಾಂಕವೇ ಖಾತ್ರಿ.

ಇಲ್ಲಿ ಯಜಮಾನ ರಘುನಾಥಜಿ. 17ನೇ ಶತಮಾನದಲ್ಲಿ ರಾಜಾ ಜಗತ್ ಸಿಂಗ್ ಬ್ರಾಹ್ಮಣನೊಬ್ಬನ ಸಾವಿನ ದೋಷ ಕಳೆದುಕೊಳ್ಳಲು ಅಯೋಧ್ಯೆಯಿಂದ ತರಿಸಿದ ಪುಟ್ಟ ಮೂರ್ತಿ. ರಾಜ್ಯವನ್ನೇ ದೇವರಿಗೆ ಒಪ್ಪಿಸಿ ತಾನು ಸೇವಕನಾಗಿ ನಿಂತ. ಆ ಅರಸುಮನೆಯವರು ಇಂದಿಗೂ ದೇವರ ಛಡಿಬರ್ದಾರರು, ದಂಡ ಹಿಡಿಯುವವರು. ಮೊದಲ ದಿನ ಮೂರ್ತಿ ಸುಲ್ತಾನ್‌ಪುರದ ಗುಡಿಯಿಂದ ಢಾಲ್‌ಪುರ ಮೈದಾನಕ್ಕೆ ಇಳಿದು, ಮರದ ತೇರನ್ನೇರುತ್ತದೆ. ಇದು ಮಾತ್ರ ಗಾಲಿಯ ತೇರು, ಹಗ್ಗ ಹಿಡಿದು ಎಳೆಯುವಂಥದ್ದು.

ಎಡವಟ್ಟಾಗುವುದು ಇಲ್ಲೇ. ತೇರು ಹೊರಡುವುದು ಸಂಜೆಯ ಹೊತ್ತಿಗೆ, ಅದೂ ಎದುರು ಬೆಟ್ಟದ ಮೇಲಿನ ಭೇಖಲಿ ಮಾತೆಯ ಗುಡಿಯಿಂದ ಸನ್ನೆ ಬಂದ ಮೇಲೆ. ಮಧ್ಯಾಹ್ನವೇ ಮೈದಾನದ ನಡುವೆ ನುಗ್ಗಿದವರಿಗೆ ಆಮೇಲೆ ಹೊರಬರಲು ದಾರಿ ಇರುವುದಿಲ್ಲ. ತೇರಿನ ತುದಿ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ನಾಲ್ಕೂ ಕಡೆಯಿಂದ ದೇವತೆಗಳು ಓಡೋಡಿ ಬರುತ್ತವೆ, ಗಳು ಯಾವ ಕಡೆ ವಾಲುತ್ತದೆಂದು ಹೊತ್ತವರಿಗೂ ಗೊತ್ತಿರುವುದಿಲ್ಲ. ಧೂಮಲ್ ನಾಗನೆಂಬ ದೇವರ ಕೆಲಸವೇ ಜನರನ್ನು ಸರಿಸಿ ತೇರಿಗೆ ದಾರಿ ಮಾಡುವುದು. ಆ ಪಲ್ಲಕ್ಕಿ ನಿಮ್ಮ ಕಡೆ ತಿರುಗಿತೆಂದರೆ ಫೋನು ಜೇಬಿಗಿಟ್ಟು ಪಕ್ಕಕ್ಕೆ ಸರಿಯಿರಿ. ಪೊಲೀಸರಿಗಿಂತ ಅದಕ್ಕೆ ಅವಸರ ಜಾಸ್ತಿ. ಮೈದಾನದ ಅಂಚಿನ ಎತ್ತರದ ಜಾಗ ಹಿಡಿದು ನಿಲ್ಲುವುದು ಜಾಣತನ. ಇನ್ನೂ ಒಳ್ಳೆಯದೆಂದರೆ, ಅದೇ ದಿನ ಬೆಳಿಗ್ಗೆ ಊರ ಹೊರಗಿನ ರಾಮಶಿಲಾ ಬಳಿ ನಿಲ್ಲುವುದು. ಮನಾಲಿಯಿಂದ ಬರುವ ಹಿಡಿಂಬಾ ದೇವಿಯನ್ನು ಎದುರುಗೊಳ್ಳುವುದು ಅಲ್ಲಿ. ಅರಸುಮನೆಗೆ ಆಕೆ ಅಜ್ಜಿ. ಅಜ್ಜಿ ಬಾರದೆ ದಸರೆ ಹೊರಡುವುದಿಲ್ಲ.

ಆದರೂ ತೇರಿನ ದಿನಕ್ಕೆ ಸಿಗುವ ಬೆಲೆ ಅತಿಯಾಯಿತು ಅನ್ನಿಸುತ್ತದೆ. ಕುಲ್ಲುವಿನ ನಿಜವಾದ ಸೊಗಸು ಎರಡನೇ ದಿನದಿಂದ ಐದನೇ ದಿನದವರೆಗಿನ ಬೆಳಗು. ದೇವತೆಗಳೆಲ್ಲ ಹಗಲೂ ರಾತ್ರಿ ಢಾಲ್‌ಪುರದ ಡೇರೆಗಳಲ್ಲೇ ಇರುತ್ತವೆ, ಒಂದೊಂದಕ್ಕೂ ಗೊತ್ತಾದ ಜಾಗ. ಬೆಳಿಗ್ಗೆ ಏಳರ ಹೊತ್ತಿಗೆ ಹೋದರೆ ಅಂಗಡಿಗಳು ಇನ್ನೂ ತೆರೆದಿರುವುದಿಲ್ಲ. ಒಂದು ಡೇರೆಯಲ್ಲಿ ಕರನಾಳ ಎಂಬ ಉದ್ದ ಕಹಳೆಯ ದನಿ ಏಳುತ್ತದೆ, ಅದು ನಿಲ್ಲುವ ಮೊದಲೇ ಪಕ್ಕದ ಡೇರೆಯವರು ನಗಾರಿಗೆ ಕೋಲು ಹಾಕುತ್ತಾರೆ. ಹೊಗೆ, ಧೂಪ, ಇಬ್ಬನಿಯಲ್ಲಿ ಒದ್ದೆಯಾದ ಹುಲ್ಲು, ಕಂಬಳಿ ಹೊದ್ದು ಚಹಾ ಕುಡಿಯುತ್ತಿರುವ ಬಜಂತ್ರಿಗಳು. ಹತ್ತರ ಮೇಲೆ ಅದೇ ಮೈದಾನ ಪಕ್ಕಾ ಸಂತೆ. ಸಂತೆಗಾಗಿಯೇ ಬರುವವರು ಅವಸರಪಡಬೇಕಿಲ್ಲ, ದೇವರುಗಳು ಹೋದ ಮೇಲೂ ಅಂಗಡಿಗಳು ವಾರಗಟ್ಟಲೆ ಇರುತ್ತವೆ.

ಆರನೇ ದಿನ ಮೊಹಲ್ಲಾ. ಎಲ್ಲ ದೇವತೆಗಳೂ ರಘುನಾಥನ ಬಿಡಾರಕ್ಕೆ ಬಂದು ತಲೆಬಾಗಿಸುತ್ತವೆ. ಫೋಟೋದವರಿಗೆ ಇದೇ ದಿನ. ಏಳನೆಯದು ಲಂಕಾದಹನ. ಹತ್ತು ತಲೆಯ ರಾವಣ ಪಟಾಕಿಯಾಗಿ ಸಿಡಿಯುತ್ತಾನೆಂದು ಮಕ್ಕಳನ್ನು ಕರೆದೊಯ್ದರೆ ನಿರಾಸೆ ಖಂಡಿತ. ತೇರನ್ನು ಬಿಯಾಸ್ ದಡದ ಕಡೆಗೆ ಎಳೆದು, ಅಲ್ಲಿ ಮುಳ್ಳುಕಂಟಿಯ ರಾಶಿಗೆ ಬೆಂಕಿ ಇಡುತ್ತಾರೆ, ಅಷ್ಟೇ. ಬಲಿಯ ವಿಧಿಯೂ ಆ ದಿನದ್ದೇ. ನೋಡಲಾಗದವರು ನದಿಯ ಕಡೆ ಇಳಿಯಬಾರದು.

ಮಂಡಿಯ ಲೆಕ್ಕವೇ ಬೇರೆ. ಇಲ್ಲಿ ದೇವತೆಗಳು ಹಗಲು ಪಡ್ಡಲ್ ಮೈದಾನದಲ್ಲಿ ಕೂತು, ರಾತ್ರಿ ಊರೊಳಗಿನ ಬಿಡಾರಗಳಿಗೆ ಮರಳುತ್ತವೆ. ಹಾಗಾಗಿ ಕುಲ್ಲುವಿನಂತೆ ಒಂದೇ ಕಡೆ ಕೂತು ನೋಡಲಾಗದು, ಬದಲಿಗೆ ದೇವರೇ ಬೀದಿಯಲ್ಲಿ ಎದುರಾಗುತ್ತದೆ. ಹಳೇ ಪೇಟೆಯ ಓಣಿಯಲ್ಲಿ ನಡೆಯುವಾಗ ಹಿಂದಿನಿಂದ ರಣಸಿಂಗದ ದನಿ ಕೇಳಿ, ಅಂಗಡಿಯ ಮೆಟ್ಟಿಲಿಗೆ ಹತ್ತಿ ನಿಂತರೆ ಮೊಹ್ರಾಗಳು ಮೊಳದಳತೆಯಲ್ಲಿ ಹಾದುಹೋಗುತ್ತವೆ. ಇಷ್ಟು ಹತ್ತಿರದ ನೋಟ ಕುಲ್ಲುವಿನ ಮೊದಲ ದಿನ ಯಾರಿಗೂ ಸಿಗುವುದಿಲ್ಲ.

ಇಲ್ಲಿ ಶಿವನ ಹಬ್ಬವಾದರೂ ಮೆರವಣಿಗೆಯ ಮುಂದಾಳು ವಿಷ್ಣು. 17ನೇ ಶತಮಾನದಲ್ಲಿ ರಾಜಾ ಸೂರಜ್ ಸೇನ್ ವಾರಸುದಾರರಿಲ್ಲದೆ ರಾಜ್ಯವನ್ನು ವಿಷ್ಣುರೂಪಿ ಮಾಧೋರಾಯನ ಬೆಳ್ಳಿಮೂರ್ತಿಗೆ ಒಪ್ಪಿಸಿದ. ಜಾತ್ರೆಯ ಮೆರವಣಿಗೆಗೆ ಜಲೇಬ್ ಅನ್ನುತ್ತಾರೆ. ಮೊದಲು, ನಡುವೆ, ಕೊನೆಗೆ ಎಂದು ಮೂರು ಸಲ ಮಾಧೋರಾಯ ಹೊರಡುತ್ತಾನೆ. ಊರ ನಡುವಿನ ಬಯಲು ವೇದಿಕೆ 'ಸೇರಿ ಮಂಚ್‌'ನ ಮೆಟ್ಟಿಲುಗಳು ನೋಡಲು ಒಳ್ಳೆಯ ಜಾಗ, ಎರಡು ಗಂಟೆ ಮುಂಚೆ ಹೋಗಿ ಕೂರಬೇಕು. ಶಿವರಾತ್ರಿಯ ದಿನದ ಪೂಜೆ ಭೂತನಾಥನ ಗುಡಿಯಲ್ಲಿ. 1527ರಲ್ಲಿ ಅಜ್ಬರ್ ಸೇನ್ ಊರು ಕಟ್ಟಿದಾಗಿನದು.

ಹೊಸಬರು ತಪ್ಪಿಸಿಕೊಳ್ಳುವುದು ಕಮರುನಾಗನನ್ನು. ಈ ಸೀಮೆಯ ಹಿರಿಯ ದೇವರು, ಮಳೆಯ ಒಡೆಯ. ಜನ ಪಲ್ಲಕ್ಕಿಗಾಗಿ ಕಾಯುತ್ತಿರುತ್ತಾರೆ, ಅವನಿಗೆ ಪಲ್ಲಕ್ಕಿಯೇ ಇಲ್ಲ. ನವಿಲುಗರಿಯ ಗುಚ್ಛವಿರುವ ಒಂದು ಕೋಲಾಗಿ ಬರುತ್ತಾನೆ. ಮಾಧೋರಾಯನನ್ನು ಕಂಡು ನೇರ ತಾರ್ಣಾ ಬೆಟ್ಟದ ಗುಡಿಗೆ ಹೋಗಿ ಕೂರುತ್ತಾನೆ, ಮೆರವಣಿಗೆಗೆ ಇಳಿಯುವುದಿಲ್ಲ. ಕಾಣಬೇಕಾದರೆ ನೀವೇ ಬೆಟ್ಟ ಹತ್ತಬೇಕು.

ಮೂರು ದಿನ ಯಾವುದು ಅಂದರೆ, ಮಂಡಿಯಲ್ಲಿ ಕೊನೆಯ ಮೂರು. ದೂರದ ದೇವತೆಗಳೂ ಅಷ್ಟರಲ್ಲಿ ಬಂದು ಸೇರಿರುತ್ತವೆ. ಮುಕ್ತಾಯಕ್ಕೆ ಚೌಹಟ್ಟಾ ಬಜಾರಿನಲ್ಲಿ ಜಾತರ್; ದೇವತೆಗಳೆಲ್ಲ ಬೀದಿಯಲ್ಲೇ ಸಾಲಾಗಿ ಕೂತು ದರ್ಶನ ಕೊಟ್ಟು, ಅಲ್ಲಿಂದಲೇ ಊರಿಗೆ ಹೊರಡುತ್ತವೆ. ಹೆಂಗಸರು ಮಡಿಲಲ್ಲಿ ಅಕ್ಕಿ ಹಿಡಿದು ಒಂದೊಂದರ ಮುಂದೂ ನಿಲ್ಲುವುದನ್ನು ನೋಡಲಾದರೂ ಆ ಬೆಳಿಗ್ಗೆ ಇರಬೇಕು.

ದಾರಿಯ ವಿಷಯದಲ್ಲೂ ಮಂಡಿಗೇ ಹೆಚ್ಚು ಅಂಕ. ಚಂಡೀಗಢದಿಂದ ಬಸ್ಸಿಗೆ ಮೊದಲು ಸಿಗುವುದು ಮಂಡಿ, ಕುಲ್ಲು ಅಲ್ಲಿಂದ ಇನ್ನೂ ಸುಮಾರು 70 ಕಿ.ಮೀ. ಆ 70 ಕಿ.ಮೀ. ಬಿಯಾಸ್ ಕೊರಕಲಿನ ದಾರಿ, ಗುಡ್ಡ ಜರುಗಿದರೆ ಗಂಟೆಗಟ್ಟಲೆ ಅಲ್ಲೇ. ಭುಂತರ್ ವಿಮಾನ ನಿಲ್ದಾಣ ಕುಲ್ಲುವಿಗೆ 10 ಕಿ.ಮೀ. ನಿಜ, ಆದರೆ ಸಣ್ಣ ವಿಮಾನ, ಮೋಡ ಕವಿದರೆ ರದ್ದು. ತೇರಿನ ದಿನಕ್ಕೇ ತಲುಪುವಂತೆ ಅದನ್ನು ನಂಬಬಾರದು. ಕುಲ್ಲುವಿನಲ್ಲಿ ರೂಮು ಸಿಗದಿದ್ದರೆ ಭುಂತರ್ ಹುಡುಕಿ. ಮನಾಲಿ 40 ಕಿ.ಮೀ., ದಸರೆಯ ಸಂಜೆ ಆ ರಸ್ತೆಯಲ್ಲಿ ವಾಪಸ್ ಹೋಗುವುದು ಶಿಕ್ಷೆ. ಚಳಿ ಮಾತ್ರ ಮಂಡಿಯಲ್ಲಿ ಜಾಸ್ತಿ. ಊರು ತಗ್ಗಿನಲ್ಲಿದ್ದರೂ ಫೆಬ್ರವರಿ-ಮಾರ್ಚಿನ ರಾತ್ರಿ, ಮೇಲೆ ಮಳೆ. ಕೊಡೆಗಿಂತ ರೇನ್‌ಕೋಟ್ ಮೇಲು, ಜನಜಂಗುಳಿಯಲ್ಲಿ ಕೊಡೆ ಬಿಚ್ಚಲಾಗದು.

ಊಟಕ್ಕೆ ಸಸ್ಯಾಹಾರಿಗಳು ಹೆದರಬೇಕಿಲ್ಲ. ಕುಲ್ಲುವಿನಲ್ಲಿ ಸಿಡ್ಡು: ಹುದುಗಿಸಿದ ಗೋಧಿಹಿಟ್ಟಿನೊಳಗೆ ಅಕ್ರೋಟು ಅಥವಾ ಗಸಗಸೆಯ ಹೂರಣ, ಹಬೆಯಲ್ಲಿ ಬೇಯಿಸಿದ್ದು, ನಮ್ಮ ಕಡುಬಿನ ನೆಂಟ. ತುಪ್ಪ ಕೇಳಿ ಹಾಕಿಸಿಕೊಳ್ಳಿ, ಒಣಗಿದ್ದಾದರೆ ಗಂಟಲಲ್ಲಿ ಇಳಿಯದು. ಮಂಡಿಯಲ್ಲಿ ಸೇಪುಬಡಿ, ಪಾಲಕ್ ಸಾರಿನಲ್ಲಿ ಬೆಂದ ಉದ್ದಿನ ಬಡಿ.

ಎರಡೂ ಕಡೆಗೆ ಒಂದೇ ಶಿಸ್ತು. ಡೇರೆಯ ಒಳಗೆ ಹೋಗುವ ಮುನ್ನ ಚಪ್ಪಲಿ, ಚರ್ಮದ ಬೆಲ್ಟು, ಪರ್ಸು ಹೊರಗೆ. ಬಟ್ಟೆಯ ಚೀಲ ಒಯ್ದರೆ ತಲೆನೋವಿಲ್ಲ. ರಥವನ್ನು ಮುಟ್ಟಬೇಡಿ. ಗೂರನ ಮೈಮೇಲೆ ದೇವರು ಬಂದಾಗ ಕ್ಯಾಮೆರಾ ಮುಖಕ್ಕೆ ಹಿಡಿಯುವುದಂತೂ ಬೇಡವೇ ಬೇಡ, ಮೊದಲು ಕಾರ್‌ದಾರನನ್ನು ಕೇಳಿ.

ಮೈದಾನದ ಜಾತ್ರೆ ಬೇಡ, ಬೆಟ್ಟ ಹತ್ತಿಯೇ ಹಬ್ಬ ಮಾಡಬೇಕು ಎನ್ನುವವರಿಗೆ ಚಂಬಾದ ಮಣಿಮಹೇಶ್ ಇದೆ. ಜನ್ಮಾಷ್ಟಮಿಯಿಂದ ರಾಧಾಷ್ಟಮಿಯವರೆಗೆ, ನಾಲ್ಕು ಸಾವಿರ ಮೀಟರ್ ಎತ್ತರದ ಸರೋವರದಲ್ಲಿ ಸ್ನಾನ. ಹಡ್ಸರ್‌ನಿಂದ 13 ಕಿ.ಮೀ. ನಡಿಗೆ. ಒಂದು ರಾತ್ರಿ ಭರಮೌರ್, ಇನ್ನೊಂದು ನಡಿಗೆಯ ದಾರಿಯ ನಡುವಿನ ಧಂಚೋದಲ್ಲಿ ಉಳಿದು ಹತ್ತಬೇಕು. ಒಂದೇ ದಿನ ಏರಿದವರೇ ತಲೆನೋವು, ವಾಂತಿ ಎಂದು ಕೂರುವುದು. ಹಾಗಾದರೆ ಔಷಧಿ ಹುಡುಕುತ್ತಾ ನಿಲ್ಲದೆ ಕೆಳಗಿಳಿಯಬೇಕು. ಕಾಲವೂ ಮಳೆಗಾಲದ ನಡುಮಧ್ಯ. 2025ರ ಆಗಸ್ಟಿನಲ್ಲಿ ಚಂಬಾ–ಭರಮೌರ್ ರಸ್ತೆ ಕಿತ್ತುಹೋಗಿ ಸಾವಿರಾರು ಯಾತ್ರಿಗಳು ಸಿಕ್ಕಿಬಿದ್ದರು, ಯಾತ್ರೆಯೇ ನಿಂತಿತು. ವಾಪಸ್ ಟಿಕೆಟ್ಟಿಗೂ ಸ್ನಾನದ ದಿನಕ್ಕೂ ನಡುವೆ ನಾಲ್ಕು ದಿನವಾದರೂ ಖಾಲಿ ಬಿಡಿ.