ಅಪೊನೊಜಿಟಾನ್ ಗಡ್ಡೆ ಪ್ಯಾಕೆಟ್: ಕೊಳ್ಳಬಹುದು, ಚಿತ್ರ ಮಾತ್ರ ನಂಬಬೇಡಿ

ಹಾಸನದ ಅಕ್ವೇರಿಯಂ ಅಂಗಡಿಯೊಂದರಲ್ಲಿ ಸಿಗುವ, ಅಪೊನೊಜಿಟಾನ್ ಎಂಬ ನೀರೊಳಗಿನ ಗಿಡದ ಒಣಗಡ್ಡೆಯ ಪ್ಯಾಕೆಟ್ ಇದು. ಒಳಗೆ ಮೂರು ಗಡ್ಡೆ. ಮೇಲೆ ಅಚ್ಚಾಗಿರುವುದು ಮಡಗಾಸ್ಕರಿನ ಜಾಲರಿ ಎಲೆಯ ಗಿಡ. ಇಂಥ ಅಗ್ಗದ ಪ್ಯಾಕೆಟ್ಟಿನಲ್ಲಿ ಅದು ಬರುವ ಮಾತೇ ಇಲ್ಲ. ಒಣಗಡ್ಡೆಯಾಗಿ ಅಗ್ಗಕ್ಕೆ ಮಾರುವುದು ಸಾಮಾನ್ಯವಾಗಿ ಇದೇ ಕುಲದ, ನಿರಿಗೆ ಎಲೆಯ ಕ್ರಿಸ್ಪಸ್ ಜಾತಿ ಅಥವಾ ಅದರ ಮಿಶ್ರತಳಿ. ಹಾಗಂತ ನಷ್ಟವೇನಿಲ್ಲ. ಕ್ರಿಸ್ಪಸ್ ಶ್ರೀಲಂಕಾ, ಭಾರತದ್ದೇ ಗಿಡ, ಬೋರ್‌ವೆಲ್ಲಿನ ಗಡಸು ನೀರಿಗೂ ಒಗ್ಗುತ್ತದೆ. ಜಾಲರಿ ಗಿಡ ಮೆದು, ತಂಪು ನೀರು ಕೇಳುವ ನಾಜೂಕಿನ ಜಾತಿ.

ಕೊಳ್ಳುವಾಗ ಪ್ಯಾಕೆಟ್ಟಿನ ಹೊರಗಿನಿಂದಲೇ ಗಡ್ಡೆ ಒತ್ತಿ ನೋಡಿ. ಕಲ್ಲಿನಂತಿದ್ದರೆ ಸರಿ, ಮೆತ್ತಗಿದ್ದರೆ ಬೇಡ. ನೀರಿಗೆ ಹಾಕಿದಾಗ ತೇಲಿತೆಂದು ಎಸೆಯಬೇಡಿ. ಒಣಗಡ್ಡೆ ಒಂದೆರಡು ದಿನ ತೇಲುವುದುಂಟು. ಕೊಳೆತದ್ದನ್ನು ವಾಸನೆಯೇ ಹೇಳುತ್ತದೆ. ಸಿಪ್ಪೆಯ ಮೇಲೆ ಬಿಳಿ ಬೂಷ್ಟು ಕಂಡರೆ ಬೆರಳಲ್ಲಿ ಉಜ್ಜಿ ತೊಳೆದು ನೀರು ಬದಲಿಸಿ.

ಹೆಚ್ಚಿನವರ ಗಡ್ಡೆ ಕೆಡುವುದು ನೆಡುವಾಗ. ಚಿಗುರು ಬರುವ ತುದಿಯ ಸುತ್ತಲಿಂದಲೇ ಬೇರೂ ಹೊರಡುತ್ತದೆ. ಅದನ್ನು ಮರಳಲ್ಲಿ ಹೂತರೆ ಎರಡೂ ಉಸಿರುಕಟ್ಟಿ ಕೊಳೆಯುತ್ತವೆ. ಮೊದಲು ಬಟ್ಟಲ ನೀರಿನಲ್ಲಿ, 24ರಿಂದ 28 ಡಿಗ್ರಿಯಲ್ಲಿ ಮೊಳೆಸಿ. ಒಂದೆರಡು ವಾರ ಸಾಕು. ಚಿಕ್ಕಮಗಳೂರಿನ ಡಿಸೆಂಬರ್ ಚಳಿಗೆ ಹೀಟರ್ ಇಲ್ಲದಿದ್ದರೆ ಇನ್ನಷ್ಟು ಕಾಯಬೇಕು. ಹಸಿರು ಮೂತಿ ಕಂಡ ಮೇಲೆ 5 ಸೆಂ.ಮೀ. ದಪ್ಪದ ಮರಳಿನಲ್ಲಿ ಅರ್ಧ ಮಾತ್ರ ಇಳಿಸಿ, ಪಕ್ಕದಲ್ಲಿ ಒಂದು ಗೊಬ್ಬರದ ಗುಳಿಗೆ ಹುದುಗಿಸಿ. ಎಲೆ 30–50 ಸೆಂ.ಮೀ. ಉದ್ದ ಬೆಳೆಯುವುದರಿಂದ ಮೇಜಿನ ಮೇಲಿನ ಪುಟ್ಟ ಟ್ಯಾಂಕಿಗೆ ಇದು ಹೇಳಿ ಮಾಡಿಸಿದ್ದಲ್ಲ, 45 ಸೆಂ.ಮೀ. ಎತ್ತರವಾದರೂ ಬೇಕು. ದಿನಕ್ಕೆ 6–8 ಗಂಟೆ ಬೆಳಕು ಸಾಕು, ಹೆಚ್ಚಾದರೆ ನಿರಿಗೆ ಎಲೆಯ ಅಂಚಿಗೆ ಪಾಚಿ ಹಿಡಿಯುತ್ತದೆ. ಹೂದಂಟು ನೀರಿನ ಮೇಲಕ್ಕೆ ಬರುತ್ತದೆ, ಮುಚ್ಚಳಕ್ಕೂ ನೀರಿಗೂ ನಡುವೆ ಜಾಗ ಬಿಡಿ. ಗೋಲ್ಡ್‌ಫಿಶ್ ಇರುವ ಟ್ಯಾಂಕಿಗೆ ಬೇಡವೇ ಬೇಡ, ಎಳೆ ಎಲೆ ಉಳಿಯುವುದಿಲ್ಲ.

ಪ್ಯಾಕೆಟ್ಟಿನ ಮೇಲೆ ಹೇಳದೆ ಬಿಟ್ಟ ಮುಖ್ಯ ಸಂಗತಿ ಗಡ್ಡೆಯ ವಿಶ್ರಾಂತಿ. ಕೆಲವು ತಿಂಗಳು ಸೊಗಸಾಗಿ ಬೆಳೆದ ಗಿಡ ಇದ್ದಕ್ಕಿದ್ದಂತೆ ಎಲೆ ಉದುರಿಸಿ ಬೋಳಾಗಬಹುದು. ಸತ್ತಿತೆಂದು ಕಿತ್ತೆಸೆಯುವವರೇ ಜಾಸ್ತಿ. ಗಡ್ಡೆ ಗಟ್ಟಿಯಾಗಿದ್ದರೆ ಅಲ್ಲೇ ಬಿಡಿ, ಇಲ್ಲವೇ ಎತ್ತಿ ಒದ್ದೆ ಮರಳಿನ ಡಬ್ಬಿಯಲ್ಲಿ ತಂಪಾದ ಕಡೆ ಎರಡು ತಿಂಗಳಿಟ್ಟು ಮತ್ತೆ ನೆಡಿ. ಮಿಶ್ರತಳಿಗಳಲ್ಲಿ ಕೆಲವು ಈ ರಜೆ ಕೇಳದೆಯೇ ವರ್ಷವಿಡೀ ಬೆಳೆಯುತ್ತವೆ.