ಗದಗವೋ ಕೊಪ್ಪಳವೋ? ಎರಡೇ ದಿನ ಇದ್ದರೆ

ಅಕ್ಕಪಕ್ಕದ ಜಿಲ್ಲೆಗಳು, ಎರಡೂ ಹುಟ್ಟಿದ್ದು 1997ರಲ್ಲೇ. ಆದರೆ ಗದಗ ಬೇರೆಯಾಗಿದ್ದು ಧಾರವಾಡದಿಂದ, ಕೊಪ್ಪಳ ರಾಯಚೂರಿನಿಂದ. ಅಂದರೆ ಒಂದು ಕಡೆ ಮುಂಬೈ ಪ್ರಾಂತ್ಯದ ನೆನಪು, ಇನ್ನೊಂದು ಕಡೆ ನಿಜಾಮರದ್ದು.

ಗದಗ ಸಲೀಸು. ಲಕ್ಕುಂಡಿಯಲ್ಲಿ ಗುಡಿ, ಮೆಟ್ಟಿಲಬಾವಿ ಎಲ್ಲ ನಡೆದೇ ನೋಡಬಹುದು, ಅತ್ತಿಮಬ್ಬೆ ಕಟ್ಟಿಸಿದ ಬಸದಿಯೂ ಅಲ್ಲೇ ಇದೆ. ಚಳಿಗಾಲವಾದರೆ ಮಾಗಡಿ ಕೆರೆ ಬಿಡಬೇಡಿ, ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿಳಿಯುತ್ತವೆ. 1905ರಲ್ಲಿ ಸಹಕಾರ ಸಂಘ ಶುರುವಾದ ಕಣಗಿನಹಾಳವೂ ಇದೇ ಜಿಲ್ಲೆಯದು. ಎರೆ (ಕಪ್ಪು ಮಣ್ಣಿನ) ಭೂಮಿ, ಮಳೆ ನಂಬಿದ ಹೆಸರುಕಾಳು, ಈರುಳ್ಳಿ, ಮೆಣಸಿನಕಾಯಿ ಬೆಳೆ.

ಜನ ಹೇಗೆ ಬದುಕ್ತಾರೆ ಅಂತ ನೋಡೋ ಆಸೆ ಇದ್ದರೆ ನಾನು ಕೊಪ್ಪಳವನ್ನೇ ಹೇಳೋದು. ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ನೀರು, ಕಣ್ಣು ಹಾಯಿಸಿದಷ್ಟೂ ಭತ್ತ, ದಾರಿಯುದ್ದಕ್ಕೂ ಅಕ್ಕಿ ಗಿರಣಿ. ಅದೇ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆ ಹೋದರೆ ಒಣ ಬೇಸಾಯ, ಬೇರೆ ಲೋಕವೇ ಅನ್ಸುತ್ತೆ. ಭಾಗ್ಯನಗರದಲ್ಲಿ ಕೂದಲಿನ ವ್ಯಾಪಾರ (ಹೌದು, ತಲೆಕೂದಲೇ!). ಕಿನ್ನಾಳದಲ್ಲಿ ಹಗುರ ಮರದ ಗೊಂಬೆ ಮಾಡ್ತಾರೆ. ಹುಣಸೆ ಬೀಜದ ಅಂಟಿಗೆ ಮರದ ಹೊಟ್ಟು ಕಲಸಿ ಗೊಂಬೆಯ ಮೈಗೆಲ್ಲ ಕೈಯಲ್ಲೇ ಮೆತ್ತಿ, ಆಭರಣದ ಉಬ್ಬುಗಳನ್ನು ಕಲ್ಲಿನ ಪುಡಿ ಕಲಸಿದ ಅಂಟಿನಲ್ಲಿ ಮೂಡಿಸಿ, ಆಮೇಲೆ ಬಣ್ಣ. ಕೂತು ನೋಡಿದರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ.

ಗುಡಿ ಬೇಕೇ ಬೇಕು ಅಂದ್ರೆ ಇಟಗಿಯ ಮಹಾದೇವ ಇದ್ದಾನಲ್ವಾ, 1112ರ ಕಟ್ಟಡ. ಹಿರೇಬೆಣಕಲ್‌ನ ಬೃಹತ್ ಶಿಲಾಸಮಾಧಿಗಳಿಗೆ ಮಾತ್ರ ಬೆಳಿಗ್ಗೆ ಬೇಗ ಗುಡ್ಡ ಹತ್ತಿ, ನೀರು ಜಾಸ್ತಿ ಇಟ್ಕೊಳ್ಳಿ.